ಫುಮಿಯೆಯ ಕಿವಿ

ಮತ್ಸುಮೊಟೊ ಊರಿನ ಗಿಟಾರ್ ಕಾರ್ಖಾನೆಯಲ್ಲಿ ಫುಮಿಯೆ ಗಿಟಾರಿನ ಬೆನ್ನು ಒರೆಸುತ್ತಿದ್ದಾಗ, ಮೇಲ್ವಿಚಾರಕ ತೊಮೊನೊ ಒಂದೇ ತರಹದ ಎರಡು ಎಲೆಕ್ಟ್ರಿಕ್ ಗಿಟಾರ್ ತಂದಿಟ್ಟ. ಕಂಪನಿ ಹೆಸರುಗಳ ಮೇಲೆ ಟೇಪು ಅಂಟಿಸಿದ್ದ.

"ಒಂದು ನಮ್ದು, ಒಂದು ಎದುರಾಳಿಗಳದ್ದು. ಯಾವುದು ಮೇಲು? ಇಲ್ಲಿ ಎಲ್ಲರಿಗಿಂತ ಹಳಬರು ನೀವು, ನಿಮ್ಮ ಕಿವಿ ಹೇಳಿದ್ದೇ ಕೊನೆ, ಫುಮಿಯೆ-ಸಾನ್."

ಅವಳಿಗೆ ಮಾತೇನೋ ಕೇಳಿಸುತ್ತಿತ್ತು, ತಂತಿಯ ಸಣ್ಣ ಸ್ವರಗಳು ವರ್ಷದಿಂದ ಕೇಳಿಸುತ್ತಿರಲಿಲ್ಲ. ಗೊತ್ತಾದರೆ ಕೆಲಸ ಹೋದಂತೆಯೇ. ಒಂದೊಂದರ ತಂತಿಯನ್ನೂ ಮೀಟಿ, ಆ ಗಿಟಾರಿನ ಅಂಚಿಗೆ ಹಲ್ಲು ಒತ್ತಿದಳು.

"ಏನು, ಮುತ್ತು ಕೊಡ್ತಿದೀರಾ?" ತೊಮೊನೊ ನಕ್ಕ.

ಹಲ್ಲಿಗೆ ತಾಗಿದ ಕಂಪನ ಒಂದರದು ಬೇಗ ಸತ್ತಿತು. ಇನ್ನೊಂದರದು ದವಡೆಯಲ್ಲಿ ನಿಂತೇ ಇತ್ತು. ಅದನ್ನೇ ತೋರಿಸಿದಳು. ಅವನು ಟೇಪು ಕಿತ್ತ. ಎದುರಾಳಿಗಳದ್ದು.

"ಅಯ್ಯೋ, ಮಾನ ಕಳೆದ್ರಿ! ಆದ್ರೂ ನಿಜಾನೇ. ಇನ್ಮೇಲೆ ಎಲ್ಲಾ ಗಿಟಾರೂ ನಿಮ್ಮ ಕಿವಿ ದಾಟೇ ಹೊರಗೆ ಹೋಗ್ಲಿ."

ಅವಳ ಹೆದರಿಕೆ ಇಮ್ಮಡಿಯಾಯಿತು; ಪ್ರತಿ ಗಿಟಾರಿಗೂ ಹೀಗೆ ಮುಚ್ಚಿಡಲಾಗದು ಅನ್ನಿಸಿತು. ಊಟದ ಬಿಡುವಿನಲ್ಲಿ, ಕಿವಿಯ ಸಂಗತಿ ತಿಳಿಸಿ ಮಾಲೀಕರಿಗೆ ಎಂದೋ ಬರೆದು ಕಳಿಸಲು ಧೈರ್ಯವಾಗದೆ ಇಟ್ಟುಕೊಂಡಿದ್ದ ಪತ್ರವನ್ನು ಅಂಚೆ ಪೆಟ್ಟಿಗೆಗೆ ಹಾಕಿದಳು.