ನಗು ಆರಿದರೆ ಗಂಟೆ

ಟಿಂಗ್!

"ನಗು ಆರಿತು. ಹೊರಗೆ ಹೋಗಿ ಮತ್ತೆ ಬಾ," ಎಂದರು ಟೀಚರ್.

ತರಗತಿಯೆಲ್ಲ ಚಿನಕುರಳಿ ಎಂದು ಕರೆಯುವ ಆ ಹುಡುಗಿ ಬಾಗಿಲಾಚೆ ಹೋಗಿ, ತುಟಿಗೆ ನಗು ಅಂಟಿಸಿಕೊಂಡು ಮತ್ತೆ ಒಳಗೆ ಬಂದಳು. ಉದ್ಯೋಗ ಸಿದ್ಧತೆಯ ಪಾಠದಲ್ಲಿ ಇದೊಂದು ಕಟ್ಟುನಿಟ್ಟು. ಹೋಟೆಲಿನ ಸ್ವಾಗತ ಮೇಜಿನ ಮೇಲಿರುತ್ತದಲ್ಲ, ಅಂಥದೇ ಒತ್ತುವ ಗಂಟೆಯೊಂದು ಟೀಚರ್ ಮುಂದಿತ್ತು. ಅಭ್ಯಾಸದ ನಡುವೆ ಯಾರ ಮುಖದ ನಗು ಆರಿದರೂ ಗಂಟೆ. ಗಂಟೆ ಬಿದ್ದವರು ಯಾರೇ ಆಗಲಿ, ಬಾಗಿಲಿನಿಂದ ಮತ್ತೆ ಶುರು ಮಾಡಬೇಕು. ಹಲ್ಲು ಕೀಳಿಸಿಕೊಂಡು ಬಂದವಳಿಗೂ ರಿಯಾಯಿತಿ ಇಲ್ಲ, ಉಳಿದ ಹಲ್ಲು ಕಾಣಬೇಕು. ಇದಕ್ಕೆ ಕೌಶಲ ಎಂದು ಹೆಸರು ಬೇರೆ!

ಇವತ್ತು ದೊಡ್ಡ ಹೋಟೆಲಿನ ಮ್ಯಾನೇಜರ್ ಖುದ್ದಾಗಿ ಬಂದು ಕೂತಿದ್ದರು. ಅವರ ಸ್ವಾಗತ ಮೇಜಿಗೆ ಒಬ್ಬಳು ಬೇಕಿತ್ತು, ಒಬ್ಬಳೇ. ಚಿನಕುರಳಿಗೆ ಆ ಕೆಲಸ ಬೇಕೇ ಬೇಕಿತ್ತು. ತಾನು ಆ ಮೇಜಿನ ಹಿಂದೆ ನಿಂತರೆ ಅಮ್ಮ ಇನ್ನಾದರೂ ಕೂರಬಹುದು ಎಂಬುದೊಂದೇ ಅವಳ ಆಸೆ.

ಅಭ್ಯಾಸಕ್ಕೆ ಮ್ಯಾನೇಜರೇ ಸಿಡುಕಿನ ಗಿರಾಕಿಯಂತೆ ನಟಿಸುತ್ತ ಬಾಯಿಗೆ ಬಂದಂತೆ ಬೈದರು, ರೂಮಿನ ಬೀಗದ ಕೈಯನ್ನು ನೆಲಕ್ಕೆ ಎಸೆದರು. ಅವಳು ನಗುತ್ತಲೇ ಎತ್ತಿ ಕೊಟ್ಟಳು.

"ಭೇಷ್! ಈ ಹುಡುಗಿ ಆಗಬಹುದು. ಮನೇಲಿ ಏನ್ ಮಾಡ್ತಾರಮ್ಮ?"

"ಅಪ್ಪ ಇಲ್ಲ ಸಾರ್. ಅಮ್ಮ ನಿಮ್ಮ ಹೋಟೆಲಲ್ಲೇ ನೆಲ ಒರೆಸ್ತಾರೆ. ಸ್ವಲ್ಪ ಕುಂಟ್ತಾರಲ್ಲ, ಅವರೇ."

ಮ್ಯಾನೇಜರ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಓಹೋ, ಅವಳ ಮಗಳಾ? ಪರವಾಗಿಲ್ಲ, ಕೆಲಸ ನಿಂದೇ. ಆದ್ರೆ ಒಂದು ಮಾತು. ಅತಿಥಿಗಳ ಮುಂದೆ ಅವಳು ಎದುರಾದ್ರೆ ಅಮ್ಮ ಗಿಮ್ಮ ಅನ್ನಬಾರದು. ಯಾರೋ ಏನೋ ಅನ್ನೋ ಹಾಗೆ ಇರಬೇಕು. ನಮ್ಮ ಹೋಟೆಲಿಗೂ ಒಂದು ಮರ್ಯಾದೆ ಅಂತ ಇದೆ, ಅಲ್ವಾ?"

ಮರ್ಯಾದೆಯಂತೆ! ಆ ಹೆಂಗಸು ಮಂಡಿಯೂರಿ ಒರೆಸಿದ ನೆಲದ ಮೇಲೆ ದಿನವೂ ಬೂಟು ಟಕಟಕಿಸುತ್ತ ನಡೆಯುವ ಮನುಷ್ಯನ ಬಾಯಲ್ಲಿ ಈ ಮಾತು. ಟೀಚರಿಗೆ ಮೈಯೆಲ್ಲ ಉರಿಯಿತು. ಆದರೂ ತುಟಿ ಬಿಚ್ಚಲಿಲ್ಲ. ಪ್ರತಿ ವರ್ಷ ತಮ್ಮ ಹುಡುಗಿಯರಿಗೆ ಕೆಲಸ ಕೊಡುವವರು ಈ ಮ್ಯಾನೇಜರೇ.

"ಈಗಲೇ ಅಭ್ಯಾಸ ಮಾಡ್ಬಿಡೋಣ," ಎನ್ನುತ್ತ ಮ್ಯಾನೇಜರ್ ಎದ್ದು, ಮೂಲೆಯಲ್ಲಿದ್ದ ನೆಲ ಒರೆಸುವ ಬಕೆಟ್ ಎತ್ತಿಕೊಂಡರು. "ನಾನೇ ನಿಮ್ಮಮ್ಮ ಅಂದ್ಕೋ. ನೀನು ನನ್ನನ್ನ ನೋಡೋದೇ ಇಲ್ಲ. ನಗು ಮಾತ್ರ ಹಾಗೇ ಇರ್ಲಿ."

ಹುಡುಗಿಯರನ್ನು ನಗಿಸಲೆಂದೋ ಏನೋ, ಸೊಂಟ ಬಾಗಿಸಿ, ಒಂದು ಕಾಲೆಳೆಯುತ್ತ ಕುಂಟಿಕೊಂಡು ಬಂದರು. ಒಬ್ಬಳೂ ನಗಲಿಲ್ಲ.

ಚಿನಕುರಳಿಯ ನಗು ಆರಿತು. ಟೀಚರ್ ಕೈ ಅಭ್ಯಾಸಬಲದಿಂದ ಗಂಟೆಯ ತನಕ ಹೋಗಿ ಅಲ್ಲೇ ನಿಂತಿತು. ಹುಡುಗಿ ಅಭ್ಯಾಸದ ಮೇಜಿನ ಹಿಂದಿನಿಂದ ಈಚೆ ಬಂದು ಬಕೆಟ್ಟಿಗೆ ಕೈ ಹಾಕಿದಳು.

"ಇಲ್ಲಿ ಕೊಡಮ್ಮಾ. ಕಾಲು ನೋವಿಟ್ಕೊಂಡು ಯಾಕೆ ಹೊರ್ತೀಯ? ನೀನು ಕೂತ್ಕೋ."

ಈಗ ಅವಳ ಮುಖದಲ್ಲೊಂದು ನಗುವಿತ್ತು. ಅದು ಈ ತರಗತಿಯಲ್ಲಿ ಕಲಿಸಿದ್ದಲ್ಲ.

ಮ್ಯಾನೇಜರ್ ಮುಖ ಕೆಂಡವಾಯಿತು. "ಏನಿದು ಅಧಿಕಪ್ರಸಂಗ? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೋತಿದ್ದೀಯ, ನೆನಪಿರಲಿ! ರೀ ಟೀಚರ್, ಏನ್ ನೋಡ್ತಾ ಕೂತಿದ್ದೀರಿ? ಒತ್ರೀ ಗಂಟೆ!"

ಟೀಚರ್ ಒತ್ತಿದರು. ಟಿಂಗ್!

ಅವರ ಕಣ್ಣು ಹುಡುಗಿಯ ಮೇಲಿರಲಿಲ್ಲ.

"ನಿಮ್ಮ ನಗು ಆರಿತು ಸಾರ್," ಎಂದರು. "ಬಾಗಿಲು ಆ ಕಡೆ."