ತಾಲೀಮಿನ ಅಂಕಿಗಳು

“ಅಯ್ಯೋ, ಇವೆಲ್ಲ ನಾನು ಹಾಕಿದ ಅಂಕಿಗಳೇ!” ಟೀವಿ ಸ್ಟುಡಿಯೋದಲ್ಲಿ ಗ್ರಾಫಿಕ್ಸ್ ನೋಡಿಕೊಳ್ಳುವವನ ಕೈ ಮೌಸಿನ ಮೇಲೆಯೇ ನಿಂತುಬಿಟ್ಟಿತು. ಚುನಾವಣಾ ಸಮೀಕ್ಷೆ ಈಗಷ್ಟೇ ಬಂದಿತ್ತು. ಯಾವ ಪಕ್ಷಕ್ಕೆ ಎಷ್ಟು ಸ್ಥಾನ ಹೆಚ್ಚು, ಯಾರಿಗೆ ಎಷ್ಟು ಖೋತಾ, ಎಲ್ಲವೂ ಬೆಳಗಿನ ತಾಲೀಮಿಗೆಂದು ಅವನು ತೋಚಿದಂತೆ ತುಂಬಿದ್ದ ಅಂಕಿಗಳೇ. ಒಂದೂ ಆಚೀಚೆ ಇಲ್ಲ.

“ಒಳ್ಳೇದೇ ಆಯ್ತಲ್ಲ, ಹಾಗೇ ಬಿಡು,” ಎಂದು ಸಂಪಾದಕ ನಕ್ಕ. “ಮುಂದಿನ ಸಲ ಸಮೀಕ್ಷೆ ಯಾಕೆ? ನಿನ್ನನ್ನೇ ಕೇಳಿದ್ರಾಯ್ತು.”

ಅವನಿಗೆ ನಗು ಬರಲಿಲ್ಲ. ಪರದೆಯ ಅಡಿಯಲ್ಲಿ ಓಡುವ ಪಟ್ಟಿ ಸರಿಯಾಗಿ ಕಾಣುತ್ತದೆಯೇ ಎಂದು ನೋಡಲು ಬೆಳಿಗ್ಗೆ ಅದರ ಕೊನೆಗೆ ಒಂದು ಸಾಲನ್ನೂ ಬರೆದಿದ್ದ, ಚುನಾವಣೆಗೆ ನಿಂತಿರುವ ಭಾವನನ್ನು ಗೇಲಿ ಮಾಡಲೆಂದೇ: ‘ಅಭ್ಯರ್ಥಿ ನಿಧನ, ಪೂರ್ವ ಕ್ಷೇತ್ರದ ಮತದಾನ ಮುಂದಕ್ಕೆ.’ ಅದರ ಫೋಟೋ ಕಳಿಸಿದಾಗ ಅಕ್ಕ, “ಥೂ, ಬಿಡ್ತು ಅನ್ನೋ!” ಎಂದು ಬೈದಿದ್ದಳು. ಅವನು ಅಂದಿರಲಿಲ್ಲ.

“ಬಿಡ್ತು, ಬಿಡ್ತು,” ಎಂದು ಈಗ ಗೊಣಗುತ್ತ ಆ ಸಾಲನ್ನು ಅಳಿಸಲು ಬೆರಳು ಚಾಚಿದ. ಅಷ್ಟರಲ್ಲಿ ಸಂಪಾದಕನ ಫೋನ್ ರಿಂಗಾಯಿತು. “ಹೌದಾ? ಯಾವಾಗ?” ಎಂದವನ ಮುಖದಲ್ಲಿ ನಗು ಆರಿಹೋಯಿತು. ಫೋನನ್ನು ಕಿವಿಯಿಂದ ತೆಗೆಯದೆಯೇ ಇವನತ್ತ ಕೈ ಎತ್ತಿ ಹೇಳಿದ:

“ಆ ಕೊನೇ ಸಾಲು ಅಳಿಸಬೇಡ.”