ಬೊಗಸೆಯಲ್ಲಿ ಭಯ

ನನ್ನ ಅಂಗೈ ಬೆವರುವುದು ಅಣ್ಣನಿಗೆ ಗೊತ್ತಾದೀತೆಂಬ ಅಳುಕು ನನಗೆ ಸದಾ ಇದೆ. ಐಸ್‌-ಹಾಕಿ ಆಟಗಾರರು ಹಿಮದಂಗಳಕ್ಕೆ ಇಳಿಯುವ ಮೊದಲು ತಮ್ಮ ಭಯವನ್ನು ಮನೆಯವರ ಬೊಗಸೆಗೆ ಊದಿ ಹೋಗುತ್ತಾರಲ್ಲ, ಅಂಗಳದ ಅಂಚಿನಲ್ಲಿ ನುಗ್ಗಿ ಆಡುವ ವಿಂಗರ್ ಆಗಿರುವ ನಮ್ಮ ನಿಶ್ಚಲಣ್ಣನ ಭಯ ಹೊರುವವಳು ನಾನು. ಅದು ಯಾವಾಗಲೂ ತಣ್ಣಗಿರುತ್ತದೆ.

ಕಳೆದ ಪಂದ್ಯದಲ್ಲಿ ಅವನ ತಲೆ ಅಂಗಳದ ಸುತ್ತಲಿನ ಗೋಡೆಗೆ ಬಡಿದಿತ್ತು. ಇವತ್ತು ಊದಿದಾಗ ಬರೀ ಬಿಸಿಯುಸಿರು ಬಂತು. ಭಯವೇ ಹುಟ್ಟದವರನ್ನು ಮತ್ತೆಂದೂ ಆಡಿಸುವುದಿಲ್ಲ. ಕದ್ದು ಆಡಿದವರು ಬದುಕಿ ಬರುವುದೂ ಕಡಿಮೆ.

"ಚೆಲ್ಬೇಡ್ವೇ ಪುಕ್ಲಿ," ಎಂದು ನಕ್ಕು ಅವನು ಹೆಲ್ಮೆಟ್ ತೊಟ್ಟು ಹೊರಟ. ನಾನು ಅವನ ಜೆರ್ಸಿ ಹಿಡಿದೆಳೆದೆ.

"ಯಾಕೇ ಇಷ್ಟು ನಡುಗ್ತಿದೀಯ? ಇವತ್ತು ನನ್ನ ಭಯ ಅಷ್ಟು ಜಾಸ್ತಿನಾ?"

ಹೂಂ ಎಂದು ಸುಮ್ಮನಾಗಬಹುದಿತ್ತು.

"ನಿಂದು ಒಂಚೂರೂ ಬಂದಿಲ್ಲಣ್ಣ. ಇದು ಪೂರ್ತಿ ನಂದೇ."